ಗಿಡದ ಪ್ರಶ್ನೆ, ನಮ್ಮ ಉತ್ತರ: ಗಂಧರಾಜದ ಹಳದಿ ಎಲೆ, ಉದುರೋ ಮೊಗ್ಗು ಮತ್ತೆ ಬೇರೆ ಹೂಗಿಡಗಳು

ಈ ಸಲ ಬಂದಿರೋ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಗಾರ್ಡೇನಿಯಾದ್ದೇ. ಕೆಲವರು ಗಂಧರಾಜ ಅಂತ ಬರೆದಿದೀರಿ, ಎರಡೂ ಒಂದೇ ಗಿಡ. ಹಾಗಾಗಿ ಅದನ್ನೇ ಮೊದಲು ತಗೊಂಡಿದೀನಿ, ಉಳಿದ ಹೂವಿನ ಗಿಡಗಳದ್ದು ಆಮೇಲೆ. ಒಂದೇ ಥರದ ಪ್ರಶ್ನೆಗಳನ್ನ ಸೇರಿಸಿ ಒಂದೇ ಉತ್ತರ ಕೊಟ್ಟಿದೀನಿ, ಬೇಜಾರು ಮಾಡ್ಕೋಬೇಡಿ.

ಪ್ರಶ್ನೆ: ಮೇಡಂ, ನನ್ನ ಗಾರ್ಡೇನಿಯಾ ತಂದು ಎಂಟು ತಿಂಗಳಾಯ್ತು. ತಂದಾಗ ಎಲೆ ಕಡು ಹಸಿರಾಗಿ ಎಣ್ಣೆ ಸವರಿದ ಹಾಗೆ ಮಿಂಚ್ತಿತ್ತು, ಈಗ ಹಳದಿ ಆಗ್ತಿದೆ. ಕಬ್ಬಿಣದ ಅಂಶ ಕಮ್ಮಿ ಅಂದ್ರು ಅಂತ ಅದನ್ನ ಹಾಕ್ದೆ, ಎಪ್ಸಮ್ ಸಾಲ್ಟ್ ಹಾಕ್ದೆ, ಗೊಬ್ಬರನೂ ಹಾಕ್ದೆ, ದಿನಾ ನೀರು ಕೊಡ್ತಿದೀನಿ, ಆದ್ರೂ ಜಾಸ್ತಿನೇ ಆಗ್ತಿದೆ. ಇನ್ನೇನು ಹಾಕ್ಲಿ?

ಉತ್ತರ: ಸದ್ಯಕ್ಕೆ ಏನೂ ಹಾಕ್ಬೇಡಿ, ಕೈ ಮುಗಿದು ಕೇಳ್ಕೊಳ್ತೀನಿ. ಎಲೆ ಹಳದಿ ಅಂತ ಬರೆದಿದೀರಿ, ಯಾವ ಎಲೆ ಅಂತ ಬರೆದಿಲ್ಲ, ಗುಟ್ಟೆಲ್ಲಾ ಅದರಲ್ಲೇ ಇರೋದು. ಗಿಡದ ಹತ್ರ ಹೋಗಿ ಒಂದೈದು ನಿಮಿಷ ಕೂತು ನೋಡಿ. ತುದಿಯ ಎಳೇ ಎಲೆ ಹಳದಿಯಾಗಿ ಅದರ ನರ ಮಾತ್ರ ಹಸಿರು ಬಲೆ ಥರ ಎದ್ದು ಕಾಣಿಸ್ತಿದ್ರೆ ಅದು ಕಬ್ಬಿಣದ ಕೊರತೆ. ಕಬ್ಬಿಣ ಒಂದು ಸಲ ಎಲೆಗೆ ಸೇರಿದ್ರೆ ಅಲ್ಲಿಂದ ಹೆಚ್ಚು ಕದಲಲ್ಲ, ಅದಕ್ಕೇ ಹಳೇ ಎಲೆ ಚೆನ್ನಾಗೇ ಇದ್ದು ಹೊಸ ಚಿಗುರು ಮಾತ್ರ ಪೇಲವ ಆಗೋದು. ಮೆಗ್ನೀಷಿಯಂ ಹಾಗಲ್ಲ, ಅದು ಕಮ್ಮಿ ಬಿದ್ರೆ ಗಿಡ ಹಳೇ ಎಲೆಯಿಂದ ಎಳ್ಕೊಂಡು ಚಿಗುರಿಗೆ ಕಳಿಸುತ್ತೆ, ಆಗ ಕೆಳಗಿನ ಎಲೆಗಳು ಅಂಚಿನಿಂದ ಒಳಗಡೆಗೆ ಹಳದಿ ಆಗ್ತಾ ಬರ್ತವೆ, ತೊಟ್ಟಿನ ಹತ್ರ ಮಾತ್ರ ಹಸಿರು ಉಳಿಯುತ್ತೆ. ಕೆಳಗಿನ ಎಲೆ ನರ ಸಮೇತ ಪೂರ್ತಿ ಹಳದಿ ಆಗ್ತಿದ್ರೆ ಸಾರಜನಕ ಕಮ್ಮಿ, ಇಲ್ಲಾ ಬರೀ ವಯಸ್ಸು. ನಿತ್ಯಹಸಿರು ಗಿಡ ಆದ್ರೂ ಹೊಸ ಚಿಗುರು ಬರೋ ಹೊತ್ತಿಗೆ ಒಳಗಡೆಯ ಹಳೇ ಎಲೆ ಒಂದಷ್ಟು ಉದುರಿಸುತ್ತೆ, ಅದಕ್ಕೆ ಗಾಬರಿ ಬೇಡ. ಇನ್ನು ಮೇಲೆ ಕೆಳಗೆ ಅಂತಿಲ್ಲದೆ ಎಲ್ಲಾ ಕಡೆ ಹಳದಿ ಆಗಿ, ಮಣ್ಣು ಒದ್ದೆ ಇದ್ರೂ ಎಲೆ ಜೋತು ಬಿದ್ದಿದ್ರೆ ಬೇರು ಕೊಳೀತಿದೆ ಅಂತಾನೇ ಅರ್ಥ.

ದಿನಾ ನೀರು ಕೊಡ್ತಿದೀನಿ ಅಂದ್ರಲ್ಲ, ನಿಮ್ಮದು ಈ ಕೊನೇದೇ ಇರ್ಬೇಕು ಅಂತ ನನ್ನ ಅನುಮಾನ. ನನ್ನ ಮೊದಲನೇ ಗಾರ್ಡೇನಿಯಾ ಹೋಗಿದ್ದು ಹೀಗೇನೇ. ಎಲೆ ಬಾಡಿದೆ ಅಂತ ನೀರು, ಇನ್ನೂ ಬಾಡ್ತು ಅಂತ ಇನ್ನಷ್ಟು ನೀರು, ಕೊನೆಗೆ ಒಂದು ದಿನ ಕುಂಡ ಮಗುಚಿ ನೋಡಿದ್ರೆ ಬೇರೆಲ್ಲಾ ಕಂದು ಬಣ್ಣಕ್ಕೆ ತಿರುಗಿತ್ತು, ಎರಡು ಬೆರಳಲ್ಲಿ ಹಿಡಿದು ಎಳೆದ್ರೆ ಮೇಲಿನ ಸಿಪ್ಪೆ ಕಳಚ್ಕೊಂಡು ಕೈಗೆ ಬಂತು, ಒಳಗೆ ದಾರದಂಥ ಎಳೆ ಮಾತ್ರ ಉಳೀತು, ಮಣ್ಣು ಚರಂಡಿ ವಾಸನೆ ಹೊಡೀತಿತ್ತು. ಆರೋಗ್ಯವಾಗಿರೋ ಬೇರು ಬೆಳ್ಳಗೆ ಇಲ್ಲಾ ತಿಳಿ ಕೆನೆ ಬಣ್ಣಕ್ಕೆ ಗಟ್ಟಿಯಾಗಿ ಇರುತ್ತೆ, ಮಣ್ಣು ಮಳೆ ಬಿದ್ದ ನೆಲದ ವಾಸನೆ ಬರುತ್ತೆ. ಈ ವ್ಯತ್ಯಾಸ ನೋಡೋಕೆ ಗಿಡಾನ ಬುಡದಲ್ಲಿ ಹಿಡಿದು ಮಣ್ಣಿನ ಉಂಡೆ ಸಮೇತ ನಿಧಾನವಾಗಿ ಜಾರಿಸಿದ್ರೆ ಸಾಕು, ಗಿಡಕ್ಕೆ ಏನೂ ಆಗಲ್ಲ. ಕೊಳೆತಿದ್ರೆ ಆ ಬೇರನ್ನೆಲ್ಲಾ ಕ್ಲೀನಾಗಿರೋ ಕತ್ತರಿಯಲ್ಲಿ ಕತ್ತರಿಸಿ, ಹೊಸ ಸಡಿಲ ಮಣ್ಣಿಗೆ, ಬೇರಿನ ಗಾತ್ರಕ್ಕೆ ತಕ್ಕಷ್ಟೇ ಇರೋ ಕುಂಡಕ್ಕೆ ಹಾಕಿ. ದೊಡ್ಡ ಕುಂಡ ಬೇಡ, ಕಮ್ಮಿ ಬೇರಿಗೆ ಜಾಸ್ತಿ ಮಣ್ಣಾದ್ರೆ ಒದ್ದೆ ಆರೋದೇ ಇಲ್ಲ. ಹೊಸ ಚಿಗುರು ಬರೋವರೆಗೂ ಗೊಬ್ಬರದ ಡಬ್ಬಿ ಮುಟ್ಬೇಡಿ. ಮಣ್ಣಲ್ಲಿ ಬೆರಳನ್ನ ಒಂದು ಗೆಣ್ಣು ಆಳಕ್ಕೆ ಇಳಿಸಿ, ಅಲ್ಲಿ ಒಣಗಿದ್ರೆ ಮಾತ್ರ ನೀರು, ಕೊಟ್ಟಾಗ ತಳದ ತೂತಿಂದ ಹರಿಯೋವರೆಗೂ ಕೊಡಿ, ತಟ್ಟೆಯಲ್ಲಿ ನಿಂತಿದ್ದನ್ನ ಚೆಲ್ಲಿಬಿಡಿ.

ಕಬ್ಬಿಣದ ಕೊರತೇನೇ ಅಂತಾದ್ರೂ ಒಂದು ವಿಷಯ ಗೊತ್ತಿರಲಿ, ಬಹಳ ಸಲ ಮಣ್ಣಲ್ಲಿ ಕಬ್ಬಿಣ ಇದ್ದೇ ಇರುತ್ತೆ, ಗಿಡಕ್ಕೆ ಎಟುಕಲ್ಲ ಅಷ್ಟೇ. ಗಾರ್ಡೇನಿಯಾಗೆ ಹುಳಿ ಮಣ್ಣು ಬೇಕು, ಪಿಎಚ್ (ಮಣ್ಣಿನ ಹುಳಿ ಅಳೆಯೋ ಲೆಕ್ಕ, 7 ಅಂದ್ರೆ ತಟಸ್ಥ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ) 5ರಿಂದ 6 ಇದ್ರೆ ಖುಷಿಯಾಗಿರುತ್ತೆ. ನಲ್ಲಿಯಿಂದ ಇಲ್ಲಾ ಬೋರ್‌ವೆಲ್‌ನಿಂದ ಬರೋ ಗಡಸು ನೀರಲ್ಲಿ ಸುಣ್ಣದ ಅಂಶ ಇರುತ್ತೆ, ಅದನ್ನೇ ತಿಂಗಳುಗಟ್ಟಲೆ ಹಾಕ್ತಾ ಹೋದ್ರೆ ಪಿಎಚ್ ಏರುತ್ತೆ, ಏರಿದ ಹಾಗೆ ಕಬ್ಬಿಣ ಕರಗದೇ ಮಣ್ಣಲ್ಲೇ ಕೂತ್ಬಿಡುತ್ತೆ. ಕುಂಡದ ಹೊರಗಡೆ ಬಿಳೀ ಪಟ್ಟೆ ಕಟ್ಟಿದ್ರೆ ಅದೇ ಗುರುತು. ಮಳೆ ನೀರು ಹಿಡಿದಿಟ್ಟು ಹಾಕಿದ್ರೆ ಅದಕ್ಕಿಂತ ಒಳ್ಳೇದಿಲ್ಲ. ಚೀಲೇಟೆಡ್ ಐರನ್, ಅಂದ್ರೆ ಗಿಡಕ್ಕೆ ಎಟುಕೋ ರೂಪದಲ್ಲಿ ಬರೋ ಕಬ್ಬಿಣ, ತಗೊಳ್ಳೋವಾಗ ಪ್ಯಾಕೆಟ್ ಮೇಲೆ ಯಾವುದು ಅಂತ ಓದಿ, ಇಡಿಟಿಎ ಅಂತ ಇರೋದು ಹುಳಿ ಮಣ್ಣಲ್ಲಿ ಚೆನ್ನಾಗಿ ಕೆಲಸ ಮಾಡುತ್ತೆ, ಪಿಎಚ್ ಏಳರ ಮೇಲೆ ಹೋಗಿದ್ರೆ ಅದು ಉಪಯೋಗಕ್ಕೆ ಬರಲ್ಲ, ಆಗ ಇಡಿಡಿಎಚ್‌ಎ ಅಂತ ಇರೋದೇ ಬೇಕು. ಗಂಧಕದ ಪುಡಿ ಮಣ್ಣನ್ನ ಹುಳಿ ಮಾಡುತ್ತೆ, ಆದ್ರೆ ಮಣ್ಣಿನ ಬ್ಯಾಕ್ಟೀರಿಯಾ ಅದನ್ನ ಆಮ್ಲವಾಗಿ ಬದಲಾಯಿಸ್ಬೇಕು, ತಿಂಗಳುಗಳೇ ಹಿಡೀಬಹುದು, ಹಾಕಿದ ವಾರಕ್ಕೆ ಕಾಣ್ತಿಲ್ಲ ಅಂತ ಮತ್ತೆ ಹಾಕ್ಬೇಡಿ.

ಪ್ರಶ್ನೆ: ಕಾಫಿ ಚರಟ, ಮೊಟ್ಟೆ ಚಿಪ್ಪು, ಬೂದಿ, ವಿನೆಗರ್ ಇವೆಲ್ಲಾ ಗಾರ್ಡೇನಿಯಾಗೆ ಹಾಕ್ಬಹುದಾ?

ಉತ್ತರ: ಮೊಟ್ಟೆ ಚಿಪ್ಪು, ಬೂದಿ ಎರಡೂ ಬೇಡವೇ ಬೇಡ. ಚಿಪ್ಪು ಅಂದ್ರೆ ಸುಣ್ಣಾನೇ, ಬೂದಿ ಕ್ಷಾರ, ಹುಳಿ ಮಣ್ಣು ಕೇಳೋ ಗಿಡಕ್ಕೆ ನೀವೇ ಕೈಯಾರೆ ಉಲ್ಟಾ ಮಾಡಿದ ಹಾಗೆ. ಕಾಫಿ ಚರಟ ಹುಳಿ ಅಂತ ಎಲ್ಲರೂ ಹೇಳ್ತಾರೆ, ಡಿಕಾಕ್ಷನ್ ಇಳಿಸಿದ ಮೇಲೆ ಹುಳಿಯೆಲ್ಲಾ ನೀರಿನ ಜೊತೆ ಹೋಗಿರುತ್ತೆ, ಉಳಿಯೋ ಚರಟದ ಪಿಎಚ್ ಹೆಚ್ಚೂ ಕಮ್ಮಿ ತಟಸ್ಥವೇ. ಕಾಂಪೋಸ್ಟಿಗೆ ಹಾಕಿ ಕೊಳೆಸಿ, ಚೆನ್ನಾಗಿರುತ್ತೆ. ಹಸೀದನ್ನ ಕುಂಡದ ಮೇಲೆ ದಪ್ಪಗೆ ಹರಡಿದ್ರೆ ಪದರ ಕಟ್ಟಿ ನೀರೇ ಒಳಗೆ ಇಳಿಯಲ್ಲ. ವಿನೆಗರ್ ಹಾಕಿದ್ರೆ ಪಿಎಚ್ ಆ ಕ್ಷಣಕ್ಕೆ ಇಳಿದು ಸ್ವಲ್ಪ ದಿನಕ್ಕೆ ವಾಪಸ್ ಬರುತ್ತೆ, ಅಳತೆ ತಪ್ಪಿದ್ರೆ ಬೇರು ಸುಡುತ್ತೆ. ಎಪ್ಸಮ್ ಸಾಲ್ಟ್ ಅಂದ್ರೆ ಮೆಗ್ನೀಷಿಯಂ ಸಲ್ಫೇಟ್, ಮೆಗ್ನೀಷಿಯಂ ಕಮ್ಮಿ ಇರೋ ಗಿಡಕ್ಕೆ ಮಾತ್ರ ಅದು ಔಷಧಿ.

ಪ್ರಶ್ನೆ: ಗಿಡದ ತುಂಬಾ ಮೊಗ್ಗು ಮೇಡಂ, ನಲವತ್ತರ ಮೇಲೆ ಎಣಿಸಿದೀನಿ, ಆದ್ರೆ ಇನ್ನೇನು ಬಿರಿಯುತ್ತೆ ಅನ್ನೋವಾಗ ಒಂದೊಂದೇ ಕಂದು ಬಣ್ಣ ತಿರುಗಿ ಉದುರ್ತಿವೆ. ಬೆಳಗ್ಗೆ ಎದ್ದು ನೋಡೋಕೇ ಸಂಕಟ ಆಗುತ್ತೆ.

ಉತ್ತರ: ಸಂಕಟ ಆಗೋದು ನಿಜ. ತಿಂಗಳಾನುಗಟ್ಟಲೆ ಕಾದ ಮೊಗ್ಗು ಅದು, ನನಗೂ ಆಗಿದೆ. ಗಾರ್ಡೇನಿಯಾ ಸ್ವಭಾವ ಏನಂದ್ರೆ ಏರುಪೇರು ಅದಕ್ಕೆ ಆಗಿಬರಲ್ಲ. ಒಂದು ಸಲ ಮಣ್ಣು ಪೂರ್ತಿ ಒಣಗಿ ಆಮೇಲೆ ಧಾರಾಳ ನೀರು ಬಿದ್ರೆ ಮೊಗ್ಗು ಬೀಳುತ್ತೆ, ಒಣ ಗಾಳಿಗೆ ಬೀಳುತ್ತೆ, ಎಸಿಯ ಇಲ್ಲಾ ಹೀಟರಿನ ಗಾಳಿ ನೇರ ಬಡಿದ್ರೆ ಬೀಳುತ್ತೆ, ಕುಂಡ ಎತ್ತಿ ಬೇರೆ ಜಾಗಕ್ಕೆ ಇಟ್ರೆ ಬೆಳಕು ಬದಲಾಯ್ತು ಅಂತ ಬೀಳುತ್ತೆ. ಹೂ ಚೆನ್ನಾಗಿ ಕಾಣ್ಲಿ ಅಂತ ಮೊಗ್ಗಿರೋ ಗಿಡಾನ ಒಳಗಡೆ ತಂದಿಡ್ತೀವಲ್ಲ, ಬಹಳ ಮನೆಗಳಲ್ಲಿ ಮೊಗ್ಗು ಹೋಗೋದು ಆ ವಾರದಲ್ಲೇ. ಇದರ ಜೊತೆ ರಾತ್ರಿಯ ಬಿಸಿ. ರಾತ್ರಿ 15ರಿಂದ 18 ಡಿಗ್ರಿ ಸೆಲ್ಸಿಯಸ್ ಇದ್ರೆ ಮೊಗ್ಗು ಕಟ್ಟೋದಕ್ಕೆ ಹದ, ರಾತ್ರಿಯೆಲ್ಲಾ ಅದಕ್ಕಿಂತ ತುಂಬಾ ಸೆಕೆ ಇದ್ರೆ ಹೊಸ ಮೊಗ್ಗು ಕಟ್ಟೋದೂ ಕಮ್ಮಿ, ಕಟ್ಟಿದ್ದು ನಿಲ್ಲೋದೂ ಕಮ್ಮಿ.

ಆದ್ರೆ ನೀವು ಇದ್ಯಾವುದನ್ನೂ ಮಾಡಿಲ್ಲ, ಇಟ್ಟ ಜಾಗದಲ್ಲೇ ಇದೆ ಅಂತಾದ್ರೆ ಒಂದು ಪರೀಕ್ಷೆ ಮಾಡಿ. ಆಗಷ್ಟೇ ಬಿದ್ದಿರೋ ಮೊಗ್ಗೊಂದನ್ನ ತಗೊಂಡು ಬಿಳೀ ಹಾಳೆ ಮೇಲೆ ಇಟ್ಟು ಉಗುರಲ್ಲಿ ಎಸಳು ಒಂದೊಂದೇ ಬಿಡಿಸಿ, ಆಮೇಲೆ ಹಾಳೆ ಮೇಲೆ ತಟ್ಟಿ ಒಂದು ನಿಮಿಷ ಸುಮ್ನೆ ನೋಡಿ. ಧೂಳಿನ ಗೆರೆ ಥರ, ಒಂದು ಮಿಲಿಮೀಟರ್ ಉದ್ದ ಇದ್ರೆ ಹೆಚ್ಚು, ತೆಳ್ಳಗೆ ಹಳದಿ ಇಲ್ಲಾ ಕಂದು ಬಣ್ಣದವು ಓಡಾಡೋಕೆ ಶುರು ಮಾಡಿದ್ರೆ ಅವು ಥ್ರಿಪ್ಸ್ ಅನ್ನೋ ಕೀಟಗಳು. ಎಸಳು ಸುತ್ಕೊಂಡಿರೋ ಒಳಗಡೇನೇ ಕೂತು ಕೆರೆದು ರಸ ಹೀರ್ತವೆ, ಹೊರಗಡೆಯಿಂದ ಎಷ್ಟು ಔಷಧಿ ಹೊಡೆದ್ರೂ ತಾಗಲ್ಲ. ಬಿದ್ದಿರೋ ಮೊಗ್ಗು, ಬಾಡಿದ ಹೂ ಎಲ್ಲಾ ಆರಿಸಿ ಕವರಿಗೆ ಹಾಕಿ ಕಟ್ಟಿ ಎಸೀಬೇಕು, ಬುಡದಲ್ಲೇ ಬಿಟ್ರೆ ಅಲ್ಲಿಂದ ಮತ್ತೆ ಮೇಲೆ ಹತ್ತುತ್ತವೆ. ಮೊಗ್ಗು ಇನ್ನೂ ಕಾಳಿನಷ್ಟು ಚಿಕ್ಕದಿರೋವಾಗಲೇ ಬೇವಿನ ಎಣ್ಣೆ ಶುರು ಮಾಡಿ, ಒಂದು ಲೀಟರ್ ನೀರಿಗೆ 5 ಎಂಎಲ್ ಎಣ್ಣೆ, ಅದು ನೀರಲ್ಲಿ ಬೆರೆಯೋಕೆ ಒಂದೆರಡು ಎಂಎಲ್ ಲಿಕ್ವಿಡ್ ಸೋಪು, ಚೆನ್ನಾಗಿ ಕುಲುಕಿ ಸಂಜೆ ಬಿಸಿಲು ಇಳಿದ ಮೇಲೆ ಹೊಡೀರಿ, ವಾರಕ್ಕೊಂದು ಸಲ ಮೂರು ನಾಲ್ಕು ವಾರ. ಬಿಸಿಲಲ್ಲಿ ಹೊಡೆದ್ರೆ ಎಲೆ ಸುಡುತ್ತೆ. ಅರಳಿದ ಹೂ ಮೇಲೆ ಬೇಡ, ಜೇನು ಬರುತ್ತೆ.

ಪ್ರಶ್ನೆ: ಗಾರ್ಡನ್‌ನಲ್ಲಿ ಬೆಳೆಯೋದಕ್ಕೆ ಗಾರ್ಡೇನಿಯಾ ಅಂತ ಹೆಸರಾ? ಮತ್ತೆ ನಮ್ಮ ಮನೇಲಿರೋದು ಗಂಧರಾಜಾನಾ ನಂದಿಬಟ್ಟಲಾ ಅಂತ ಗೊತ್ತಾಗ್ತಿಲ್ಲ.

ಉತ್ತರ: ಅಲ್ಲ. ಅಲೆಕ್ಸಾಂಡರ್ ಗಾರ್ಡನ್ ಅಂತ ಸ್ಕಾಟ್ಲೆಂಡ್ ಮೂಲದ ವೈದ್ಯರೊಬ್ಬರು ಅಮೆರಿಕದ ಚಾರ್ಲ್ಸ್‌ಟನ್‌ನಲ್ಲಿದ್ರು, ಗಿಡಗಳ ಅಧ್ಯಯನ ಮಾಡ್ತಿದ್ರು, ಆ ಗಾರ್ಡನ್ ಅವರ ಗೌರವಕ್ಕೆ 1761ರಲ್ಲಿ ಈ ಹೆಸರು ಇಟ್ಟಿದ್ದು ಜಾನ್ ಎಲ್ಲಿಸ್ ಅನ್ನೋ ನಿಸರ್ಗ ವಿಜ್ಞಾನಿ. ಗಿಡದ ಮೂಲ ಪೂರ್ವ ಏಷ್ಯಾ. ಕಾಫಿ, ಕೇಪಳ ಹೂ ಇವೆಲ್ಲಾ ಅದರ ಬಂಧುಗಳೇ, ಒಂದೇ ಕುಟುಂಬ. ನಂದಿಬಟ್ಟಲು ಬೇರೆ ಕುಟುಂಬದ್ದು, ಪತ್ತೆ ಹಚ್ಚೋದು ಸುಲಭ, ಒಂದು ಎಲೆ ಚಿವುಟಿ ನೋಡಿ. ಬಿಳೀ ಹಾಲು ಬಂದ್ರೆ ನಂದಿಬಟ್ಟಲು, ಬರದೇ ಇದ್ರೆ ಗಂಧರಾಜ ಇರ್ಬಹುದು. ಇನ್ನೊಂದು ಗುರುತು, ಗಂಧರಾಜದ ಹೂ ಅರಳಿದ ದಿನ ಬಿಳಿ, ಎರಡು ಮೂರು ದಿನಕ್ಕೆ ಕೆನೆ, ಆಮೇಲೆ ಹಳದಿ. ಹೂ ಹಳದಿ ಆಯ್ತು ರೋಗಾನಾ ಅಂತ ಇನ್ನಿಬ್ಬರು ಕೇಳಿದೀರಿ, ಅಲ್ಲ, ಅದರ ಗುಣವೇ ಅದು.

ಪ್ರಶ್ನೆ: ಯಾವ ಕಾಲದಲ್ಲಿ ಸವರ್ಬೇಕು? ಹೋದ ವರ್ಷ ಚಳಿಗಾಲದ ಕೊನೇಲಿ ಚೆನ್ನಾಗಿ ಸವರಿದ್ವಿ, ಈ ವರ್ಷ ಎರಡೇ ಹೂ.

ಉತ್ತರ: ಕಾರಣ ನೀವೇ ಬರೆದಿದೀರಿ. ಗಾರ್ಡೇನಿಯಾದ ಬಹಳಷ್ಟು ತಳಿಗಳು ಮುಂದಿನ ಸಲದ ಮೊಗ್ಗನ್ನ ತಿಂಗಳುಗಳ ಮೊದಲೇ ಟೊಂಗೆ ತುದೀಲಿ ಕಟ್ಟಿಟ್ಕೊಂಡಿರ್ತವೆ, ಕಣ್ಣಿಗೆ ಕಾಣಲ್ಲ ಅಷ್ಟೇ. ಚಳಿಗಾಲದ ಕೊನೇಲಿ ತುದಿ ಕತ್ತರಿಸಿದ್ರೆ ಹೂವನ್ನೇ ಕತ್ತರಿಸಿದ ಹಾಗೆ. ಹೂವಿನ ಸೀಸನ್ ಮುಗಿದ ಕೂಡಲೇ, ಎರಡು ಮೂರು ವಾರದೊಳಗೆ ಸವರಿ ಮುಗಿಸಿಬಿಡಿ. ಒಣಗಿದ್ದು, ಒಂದಕ್ಕೊಂದು ಉಜ್ತಿರೋ ಟೊಂಗೆ ಮೊದಲು, ಆಮೇಲೆ ಉದ್ದ ಬೆಳೆದಿರೋದರ ಮೂರನೇ ಒಂದು ಭಾಗ, ಅದಕ್ಕಿಂತ ಜಾಸ್ತಿ ಬೇಡ. ಗೊಬ್ಬರಾನೂ ಆವಾಗಲೇ. ಹುಳಿ ಮಣ್ಣಿನ ಗಿಡಗಳಿಗೆ ಅಂತ ಬರೋ ಗೊಬ್ಬರವನ್ನ ಪ್ಯಾಕೆಟ್ ಮೇಲೆ ಹೇಳಿದ್ದರ ಅರ್ಧ ಅಳತೆಯಲ್ಲಿ, ಬೆಳೀತಿರೋ ಕಾಲದಲ್ಲಿ ಮೂರು ವಾರಕ್ಕೊಮ್ಮೆ ಕೊಡಿ. ಚಳಿ ಶುರುವಾಯ್ತಾ, ನಿಲ್ಲಿಸಿ.

ಪ್ರಶ್ನೆ: ಚಳಿಗಾಲದಲ್ಲಿ ಏನು ಮಾಡ್ಬೇಕು? ಎಲೆ ಸ್ವಲ್ಪ ಪೇಲವ ಆಗುತ್ತೆ, ಬೆಳವಣಿಗೆ ನಿಂತೇ ಹೋಗುತ್ತೆ.

ಉತ್ತರ: ನಿಲ್ಲಲಿ ಬಿಡಿ, ಅದಕ್ಕೂ ವಿಶ್ರಾಂತಿ ಬೇಕು. ಮಣ್ಣು ತಣ್ಣಗಾದ್ರೆ ಬೇರು ಮಂದ ಆಗುತ್ತೆ, ಕಬ್ಬಿಣ ಇದ್ರೂ ಎಳ್ಕೊಳ್ಳೋಕೆ ಆಗಲ್ಲ, ಬಿಸಿಲು ಏರಿದ ಮೇಲೆ ತಾನಾಗೇ ಹಸಿರಾಗುತ್ತೆ. ಬೇಸಿಗೆಯ ಅಳತೇಲಿ ನೀರು ಹಾಕ್ಬೇಡಿ, ಚಳಿಯಲ್ಲಿ ಬೇರು ಕೊಳೆಯೋದು ಜಾಸ್ತಿ. ಹಿಮ ಬೀಳೋ ಕಡೆ ಇರೋವ್ರು ಕುಂಡದ ಗಿಡ ಒಳಗೆ ತಗೊಳ್ಳಿ, ಒಳ್ಳೇ ಬೆಳಕಿನ ಕಿಟಕಿ ಹತ್ರ ಇಡಿ, ಹೀಟರಿಂದ ದೂರ. ಒಂದೇ ದಿನ ಹೊರಗಿಂದ ಒಳಗೆ ಹಾಕದೇ ಒಂದು ವಾರ ನೆರಳಲ್ಲಿಟ್ಟು ರೂಢಿ ಮಾಡ್ಸಿ, ವಾಪಸ್ ಹೊರಗೆ ಇಡೋವಾಗಲೂ ಹಾಗೇ. ಒಳಗಿರೋವಾಗ ಎಲೆ ಅಡೀಲಿ ಸಣ್ಣ ಜೇಡರ ಬಲೆ ಥರ ಕಂಡ್ರೆ ಅದು ನುಸಿ, ಒಣ ಗಾಳಿ ಅಂದ್ರೆ ಅದಕ್ಕೆ ಹಬ್ಬ, ಬಾತ್‌ರೂಮಿಗೆ ತಗೊಂಡ್ಹೋಗಿ ಶವರ್ ಕೆಳಗೆ ಎಲೆಯ ಅಡಿ ಭಾಗ ತೊಳೀರಿ. ಬೇಸಿಗೆಗೆ ಬೆಳಗಿನ ಬಿಸಿಲು ನಾಲ್ಕೈದು ಗಂಟೆ, ಮಧ್ಯಾಹ್ನ ನೆರಳು, ಬುಡಕ್ಕೆ ಒಣ ಎಲೆಯ ಹೊದಿಕೆ. ಮಳೆ ಹಿಡಿದಾಗ ಕುಂಡದ ಕೆಳಗೆ ಎರಡು ಇಟ್ಟಿಗೆ ಚೂರು ಇಟ್ಟು ಎತ್ತರಿಸಿ, ತೂತು ನೆಲಕ್ಕೆ ಅಂಟ್ಕೊಂಡಿದ್ರೆ ನೀರು ಹೋಗಲ್ಲ.

ಪ್ರಶ್ನೆ: ದಾಸವಾಳದ ತುದೀಲಿ ಬಿಳೀ ಹತ್ತಿ ಥರ ಆಗಿದೆ, ಎಲೆ ಮೇಲೆ ಕಪ್ಪು ಮಸಿ, ಗಂಧರಾಜಕ್ಕೂ ಹರಡ್ತಿದೆ. ಇರುವೆ ಬೇರೆ.

ಉತ್ತರ: ಇರುವೆ ಬೇರೆ ಅಲ್ಲ, ಎಲ್ಲಾ ಒಂದೇ ಕಥೆ. ಹತ್ತಿ ಥರ ಇರೋದು ಹಿಟ್ಟು ತಿಗಣೆ. ಅದು ರಸ ಹೀರಿ ಸಿಹಿ ಅಂಟು ಬಿಡುತ್ತೆ, ಆ ಅಂಟಿನ ಮೇಲೆ ಬೆಳೆಯೋ ಬೂಷ್ಟೇ ಕಪ್ಪು ಮಸಿ, ಅದೇ ಅಂಟಿಗೆ ಇರುವೆ ಬರೋದು, ಬಂದು ತಿಗಣೆಗಳನ್ನ ತಿನ್ನೋ ಗುಲಗಂಜಿ ಹುಳುಗಳನ್ನ ಓಡಿಸಿ ತಿಗಣೆಗಳನ್ನ ಕಾಯುತ್ತೆ, ಒಂದು ಟೊಂಗೆಯಿಂದ ಇನ್ನೊಂದಕ್ಕೆ ಹೊತ್ಕೊಂಡೂ ಹೋಗುತ್ತೆ. ಹಾಗಾಗಿ ಇರುವೆ ದಾರಿ ಮೊದಲು ಕಟ್ ಮಾಡಿ. ಕುಂಡವನ್ನ ನೀರಿರೋ ಅಗಲ ತಟ್ಟೆ ಮಧ್ಯೆ ಇಟ್ಟಿಗೆ ಮೇಲೆ ಇಡಿ, ಎಲೆ ಗೋಡೆಗೆ ತಾಗಬಾರದು. ಜಾಸ್ತಿ ಹತ್ತಿರೋ ತುದಿಗಳನ್ನ ಕತ್ತರಿಸಿ ಕವರಿಗೆ ಹಾಕಿ, ಉಳಿದಿದ್ದಕ್ಕೆ ಜೋರು ನೀರಿನ ಪೈಪು, ಸಂದಿಗಳಲ್ಲಿ ಇರೋದಕ್ಕೆ ಇಯರ್ ಬಡ್ಸ್ ಅನ್ನ ರಬ್ಬಿಂಗ್ ಆಲ್ಕೋಹಾಲಲ್ಲಿ (ಗಾಯ ಒರೆಸೋ ಸ್ಪಿರಿಟ್) ಅದ್ದಿ ಒಂದೊಂದಕ್ಕೇ ಮುಟ್ಟಿಸಿ, ಮೊದಲು ಒಂದು ಎಲೆ ಮೇಲೆ ಹಚ್ಚಿ ಎರಡು ದಿನ ನೋಡಿ. ಆಮೇಲೆ ಮೇಲೆ ಹೇಳಿದ ಬೇವಿನ ಎಣ್ಣೆ. ಮೊಟ್ಟೆ ಒಡೆದು ಹೊಸವು ಬರ್ತಾನೇ ಇರೋದ್ರಿಂದ ಒಂದು ಸಲ ಮಾಡಿ ಬಿಟ್ರೆ ಪ್ರಯೋಜನ ಇಲ್ಲ, ತಿಂಗಳು ಪೂರ್ತಿ ಹಿಂದೆ ಬೀಳ್ಬೇಕು.

ಪ್ರಶ್ನೆ: ಬೋಗನ್‌ವಿಲ್ಲಾ ಬರೀ ಎಲೆ, ಹೂವೇ ಇಲ್ಲ.

ಉತ್ತರ: ನೀರು, ಗೊಬ್ಬರ ಎರಡೂ ಜಾಸ್ತಿ ಆಗಿದೆ, ಇಲ್ಲಾ ಬಿಸಿಲು ಕಮ್ಮಿ. ಕನಿಷ್ಠ ಆರು ಗಂಟೆ ನೇರ ಬಿಸಿಲು ಬೇಕು. ಸಾರಜನಕ ಜಾಸ್ತಿ ಇರೋ ಗೊಬ್ಬರ ನಿಲ್ಲಿಸಿ, ಎಲೆ ಸ್ವಲ್ಪ ಜೋಲೋವರೆಗೂ ನೀರು ತಡೀರಿ, ಆಮೇಲೆ ಕೊಡಿ. ಗಂಧರಾಜಕ್ಕೆ ಹೇಳಿದ್ದಕ್ಕೆ ಪೂರ್ತಿ ಉಲ್ಟಾ, ಎರಡನ್ನೂ ಅಕ್ಕಪಕ್ಕ ಇಟ್ಟು ಒಂದೇ ಥರ ನೀರು ಹಾಕಿದ್ರೆ ಒಂದು ಬೇಜಾರಾಗೇ ಆಗುತ್ತೆ.

ಪ್ರಶ್ನೆ: ಹೋದ ವರ್ಷ ತಂದ ಪಾಯಿನ್ಸೆಟಿಯಾ ಸೊಂಪಾಗಿ ಬೆಳೆದಿದೆ, ಆದ್ರೆ ಕೆಂಪು ಆಗ್ತಾನೇ ಇಲ್ಲ. ಹೈಡ್ರೇಂಜಿಯಾ ನೀಲಿ ಅಂತ ತಂದಿದ್ದು ಗುಲಾಬಿ ಆಗೋಗಿದೆ. ಮೋಸ ಆಯ್ತಾ?

ಉತ್ತರ: ಎರಡರಲ್ಲೂ ಮೋಸ ಇಲ್ಲ. ಪಾಯಿನ್ಸೆಟಿಯಾ ರಾತ್ರಿಯ ಉದ್ದ ಅಳೆಯೋ ಗಿಡ. ದಿನಾ ಸುಮಾರು 14 ಗಂಟೆ ಗಾಢ ಕತ್ತಲು, ಅದೂ ಎಂಟರಿಂದ ಹತ್ತು ವಾರ ತಪ್ಪದೇ ಸಿಕ್ರೆ ಮೇಲಿನ ಎಲೆ ಕೆಂಪಾಗುತ್ತೆ. ಮಧ್ಯರಾತ್ರಿ ರೂಮಿನ ಲೈಟ್ ಹಾಕಿದ್ರೂ, ಬೀದಿ ದೀಪದ ಬೆಳಕು ಬಿದ್ರೂ ಲೆಕ್ಕ ತಪ್ಪುತ್ತೆ. ಸಂಜೆ ಐದಕ್ಕೆ ಅಟ್ಟೆ ಪೆಟ್ಟಿಗೆ ಮುಚ್ಚಿ ಬೆಳಗ್ಗೆ ಏಳಕ್ಕೆ ತೆಗೀರಿ, ಹಗಲು ಒಳ್ಳೇ ಬೆಳಕಲ್ಲಿಡಿ. ಹೈಡ್ರೇಂಜಿಯಾಗೆ ಮಣ್ಣಲ್ಲಿ ಅಲ್ಯೂಮಿನಿಯಂ ಸಿಕ್ರೆ ನೀಲಿ, ಅದು ಸಿಗೋದು ಮಣ್ಣು ಹುಳಿ ಇದ್ದಾಗ, ಪಿಎಚ್ 5.5ರ ಕೆಳಗೆ. ನಿಮ್ಮ ನೀರು ಗಡಸು ಅನ್ಸುತ್ತೆ, ಅದಕ್ಕೇ ಗುಲಾಬಿ. ಬಿಳೀ ಹೂವಿನ ತಳಿಗಳು ಮಾತ್ರ ಏನು ಮಾಡಿದ್ರೂ ನೀಲಿ ಆಗಲ್ಲ.

ಪ್ರಶ್ನೆ: ಅಮ್ಮ ನೆಟ್ಟ ಗಂಧರಾಜ ಇದು, ಇಪ್ಪತ್ತು ವರ್ಷದ್ದು, ನೆಲದಲ್ಲಿದೆ. ಅಮ್ಮ ಈಗಿಲ್ಲ. ಇನ್ನು ನಾಲ್ಕು ತಿಂಗಳಿಗೆ ಮನೆ ಬಿಡ್ತಿದೀವಿ, ಗಿಡ ಕಿತ್ಕೊಂಡು ಹೋದ್ರೆ ಬದುಕುತ್ತಾ?

ಉತ್ತರ: ಇಪ್ಪತ್ತು ವರ್ಷದ ಗಿಡ ಕೀಳೋದು ಬಹಳ ರಿಸ್ಕು, ಬೇರಲ್ಲಿ ಅರ್ಧಕ್ಕಿಂತ ಜಾಸ್ತಿ ನೆಲದಲ್ಲೇ ಉಳಿದುಬಿಡುತ್ತೆ. ಕಡ್ಡಿಯಿಂದ ಸಸಿ ಮಾಡ್ಕೊಳ್ಳಿ, ಅದು ಬೇರೆ ಗಿಡ ಅಲ್ಲ, ಅಮ್ಮನ ಗಿಡಾನೇ, ಗುಣ ಎಲ್ಲಾ ಅದರದ್ದೇ. ನಾಲ್ಕು ತಿಂಗಳು ಸಾಕು, ಇವತ್ತೇ ಶುರು ಮಾಡಿ. ತೀರಾ ಹಸೀ ಚಿಗುರೂ ಬೇಡ, ಬಲಿತ ಮರದಂಥದ್ದೂ ಬೇಡ, ಬಗ್ಗಿಸಿದ್ರೆ ಬಳುಕಿ ಆಮೇಲೆ ಟಕ್ ಅಂತ ಮುರಿಯೋ ಹದದ ಟೊಂಗೆ, ನಾಲ್ಕೈದು ಇಂಚು, ಬೆಳಗ್ಗೆ ಹೊತ್ತು ಗೆಣ್ಣಿನ ಸ್ವಲ್ಪ ಕೆಳಗೆ ಕತ್ತರಿಸಿ. ಮೊಗ್ಗಿದ್ರೆ ಚಿವುಟಿಬಿಡಿ, ಕೆಳಗಿನ ಎಲೆ ತೆಗೆದು ಮೇಲಿನ ಎರಡು ಜೊತೆ ಉಳಿಸಿ, ಅವೂ ದೊಡ್ಡದಿದ್ರೆ ಅರ್ಧ ಕತ್ತರಿಸಿ. ಬೇರು ಬರಿಸೋ ಪುಡಿ ಇದ್ರೆ ಹಚ್ಚಿ, ಅರ್ಧ ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಇನ್ನರ್ಧ ಪರ್ಲೈಟ್ (ಹಗುರ ಬಿಳೀ ಹರಳು) ಇಲ್ಲಾ ದಪ್ಪ ಮರಳು ಬೆರೆಸಿ ಅದರಲ್ಲಿ ನೆಟ್ಟು, ತಳ ಕತ್ತರಿಸಿದ ಪಾರದರ್ಶಕ ಬಾಟಲಿ ಬೋರಲು ಹಾಕಿ ಮುಚ್ಚಿ. ನೇರ ಬಿಸಿಲು ತಾಗಬಾರದು, ಬೆಳಕು ಚೆನ್ನಾಗಿರ್ಬೇಕು, ಬಾಟಲಿ ಒಳಗೆ ಹನಿ ಕಟ್ತಿದ್ರೆ ತೇವ ಸರಿ ಇದೆ ಅಂತ. ನಾಲ್ಕರಿಂದ ಎಂಟು ವಾರಕ್ಕೆ ಬೇರು ಬರುತ್ತೆ, ಬಂದಿದೆಯಾ ಅಂತ ಕಿತ್ತು ನೋಡ್ಬೇಡಿ, ಎಲೆ ಹಿಡಿದು ಮೆಲ್ಲಗೆ ಎಳೀರಿ, ತಡೆದು ನಿಂತ್ರೆ ಹಿಡಿದಿದೆ. ಒಂದೆರಡು ಕಡ್ಡಿ ನೆಚ್ಕೊಂಡು ಕೂರ್ಬೇಡಿ, ಹತ್ತು ಹನ್ನೆರಡು ಇಡಿ, ಮೂರೋ ನಾಲ್ಕೋ ಉಳಿದ್ರೂ ಒಂದನ್ನ ಅಕ್ಕ ತಂಗಿಯರಿಗೋ ಅಣ್ಣ ತಮ್ಮಂದಿರಿಗೋ ಕೊಡಿ, ನಿಮ್ಮ ಹತ್ರ ಇರೋದಕ್ಕೆ ಏನಾದ್ರೂ ಆದ್ರೆ ಅವರ ಮನೆಯಿಂದ ಮತ್ತೊಂದು ಕಡ್ಡಿ ತರಬಹುದು. ಹೊಸ ಮನೇಲಿ ಮೊದಲ ವರ್ಷ ಮೊಗ್ಗು ಬಂದ್ರೆ ಒಂದು ಬಿಟ್ಟು ಉಳಿದಿದ್ದು ತೆಗೀರಿ, ಗಿಡ ಬಲಿಯಲಿ.